ಆದೇಶ ಸಿಕ್ಕ ಮರುದಿನದಿಂದ

ಡಿ.ವಿ. ಕೇಸು ಹಾಕುವುದು ಹೇಗೆ ಎಂದು ಹೇಳಿಕೊಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅಲ್ಲಿಂದ ಇಲ್ಲಿಯವರೆಗೆ ಅರ್ಜಿಯ ನಮೂನೆ, ಸಂರಕ್ಷಣಾಧಿಕಾರಿಯ ಕೆಲಸ, ಜೀವನಾಂಶದ ಲೆಕ್ಕ ಎಲ್ಲದರ ಬಗ್ಗೆಯೂ ಶಿಬಿರಗಳಾಗಿವೆ, ಕೈಪಿಡಿಗಳು ಬಂದಿವೆ. ಆದೇಶ ಕೈಗೆ ಬಂದ ಮೇಲೆ ಆ ಕಾಗದವನ್ನು ಎಲ್ಲಿಡಬೇಕು, ಯಾರಿಗೆ ತೋರಿಸಬೇಕು ಎಂದು ಹೇಳುವವರು ಮಾತ್ರ ಕಡಿಮೆ. ವಕೀಲರ ಮಟ್ಟಿಗೆ ಅಲ್ಲಿಗೆ ಕೇಸು ಗೆದ್ದಂತೆ. ಕಾಗದ ಹಿಡಿದು ಅದೇ ಊರಿನಲ್ಲಿ ಬದುಕಬೇಕಾದವಳು ಆಕೆ.

ನಾನು ವಕೀಲಿ ಮಾಡುವುದು ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ. ಮನೆಮಾತು ಕನ್ನಡವಾದ್ದರಿಂದ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯ ಹೆಣ್ಣುಮಕ್ಕಳು, ಹೋಟೆಲ್ ಲೈನಿನ ಕರಾವಳಿ ಮನೆಗಳವರು, ಹಿಂಜವಡಿ, ಖರಾಡಿಯ ಐಟಿ ಕಂಪನಿಗಳಲ್ಲಿರುವ ಬೆಂಗಳೂರು, ಹುಬ್ಬಳ್ಳಿಯವರು, ಯಾರದೋ ಬಾಯಿಂದ ಹೆಸರು ಕೇಳಿ ಬರುತ್ತಾರೆ. ಇವರೆಲ್ಲರ ಕೇಸುಗಳಲ್ಲಿ ಕಂಡದ್ದು ಒಂದೇ. ಮ್ಯಾಜಿಸ್ಟ್ರೇಟರ ಸಹಿಗೂ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿಯುವ ಗಂಡನಿಗೂ ನಡುವೆ ಒಬ್ಬ ಡ್ಯೂಟಿ ಪೊಲೀಸ್ ಇರುತ್ತಾನೆ. ಆದೇಶ ಅವನ ಕಣ್ಣಿಗೆ ಬೀಳಬೇಕು, ಅವನಿಗೆ ಓದಲು ಬರಬೇಕು, ಓದಿದ್ದನ್ನು ಅವನು ನಂಬಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆ ರಾತ್ರಿಯ ಮಟ್ಟಿಗೆ ಆದೇಶ ಇದ್ದೂ ಇಲ್ಲದಂತೆ.

1. ಕೈಯಲ್ಲಿರುವುದು ಆದೇಶವೇ ಎಂದು ಮೊದಲು ನೋಡಿಕೊಳ್ಳಿ

"ನನ್ನ ಹತ್ರ ಕಾಗದ ಅದ ಅಕ್ಕಾರ" ಎಂದು ಬಿಚ್ಚುವ ಕವರಿನಲ್ಲಿ ಹೆಚ್ಚಾಗಿ ಸಿಗುವುದು ಎನ್‌ಸಿ. ಹೆಂಡತಿ ಹೊಡೆಸಿಕೊಂಡು ಠಾಣೆಗೆ ಹೋದರೆ ಮಹಾರಾಷ್ಟ್ರದಲ್ಲಿ ಮೊದಲು ಬರೆದುಕೊಡುವ ಚೀಟಿ ಅದು. 'ಅದಖಲಪಾತ್ರ', ಅಂದರೆ ಪೊಲೀಸರು ತಾವಾಗಿ ತನಿಖೆಗೆ ಇಳಿಯದ ಅಪರಾಧ ಎಂಬ ನೋಂದಣಿ. ಮುದ್ರೆ ಇರುತ್ತದೆ, ನಂಬರ್ ಇರುತ್ತದೆ, ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಅದರಿಂದ ಯಾರಿಗೂ ಯಾವ ತಡೆಯೂ ಇಲ್ಲ. ಮಹಿಳಾ ಸಹಾಯ ಕಕ್ಷದಲ್ಲೋ ಭರೋಸಾ ಸೆಲ್‌ನಲ್ಲೋ ಇಬ್ಬರನ್ನೂ ಕೂರಿಸಿ ಬರೆಸಿದ ರಾಜಿ ಪತ್ರವೂ ಆದೇಶವಲ್ಲ. "ಇನ್ನು ಕೈ ಎತ್ತುವುದಿಲ್ಲ" ಎಂದು ಹಿರಿಯರ ಮುಂದೆ ಸ್ಟಾಂಪ್ ಪೇಪರಿನಲ್ಲಿ ಬರೆದುಕೊಟ್ಟದ್ದಂತೂ ಅಲ್ಲವೇ ಅಲ್ಲ. ಸಂರಕ್ಷಣಾಧಿಕಾರಿ ತುಂಬಿದ ಕೌಟುಂಬಿಕ ಘಟನಾ ವರದಿ ಕೇಸಿಗೆ ಬಹಳ ಮುಖ್ಯ, ಆದರೆ ಅದು ವರದಿ ಮಾತ್ರ. ಗಂಡನಿಗೆ ಹೋದ ಕೋರ್ಟ್ ನೋಟಿಸ್ ಕೂಡ ನೋಟಿಸ್ ಅಷ್ಟೇ.

ಇವನ್ನೆಲ್ಲ ಇಟ್ಟುಕೊಳ್ಳಿ, ಮುಂದೆ ಸಾಕ್ಷಿಗೆ ಬರುತ್ತವೆ. ಆದರೆ ಬೇರೆ ಕವರಿನಲ್ಲಿಡಿ. ರಾತ್ರಿ ಹೊತ್ತು ಠಾಣೆಯ ಮೇಜಿನ ಮೇಲೆ ಹತ್ತು ಕಾಗದ ಹರಡಿದರೆ ಕೈಗೆ ಬರುವುದು ಎನ್‌ಸಿಯೇ.

2. ಕಲಂ 18 ಬರೆದಿದೆಯೇ?

ವಕೀಲರು ಗಮನಿಸಬೇಕಾದ ಪಾಠ ಇದು, ಆದರೆ ಕಕ್ಷಿದಾರಳಿಗೂ ಗೊತ್ತಿರಲಿ. ಈ ಕಾಯ್ದೆಯಲ್ಲಿ ಒಂದೇ ಅರ್ಜಿಯ ಮೇಲೆ ಹಲವು ಬಗೆಯ ಆದೇಶಗಳು ಬರುತ್ತವೆ. ಕಲಂ 18 ಸಂರಕ್ಷಣಾ ಆದೇಶ, 19 ವಾಸದ ಆದೇಶ, 20 ಹಣದ ಪರಿಹಾರ, 21 ಮಕ್ಕಳ ತಾತ್ಕಾಲಿಕ ಸುಪರ್ದು, 22 ನಷ್ಟ ಪರಿಹಾರ. ಮುರಿದರೆ ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಹೇಳುವುದು ಕಲಂ 31. ಅದು ಎತ್ತಿ ಹೇಳುವುದು ಸಂರಕ್ಷಣಾ ಆದೇಶ ಮತ್ತು ಮಧ್ಯಂತರ ಸಂರಕ್ಷಣಾ ಆದೇಶ, ಇವೆರಡನ್ನು ಮಾತ್ರ. ಜೀವನಾಂಶ ಕಟ್ಟದವನ ಮೇಲೆ ಕಲಂ 31 ಹಾಕಿಸಲು ಹೋಗಿ ಬರಿಗೈಯಲ್ಲಿ ಬಂದವರು ಹಲವರು. ಹಣದ ವಸೂಲಿಗೆ ದಾರಿಯೇ ಬೇರೆ.

2006ರ ನಿಯಮಗಳಲ್ಲಿ ನಿಯಮ 15 ಇದೆ. ಈ ಕಾಯ್ದೆಯಡಿ ಕೋರ್ಟ್ ಕೊಟ್ಟ ಆದೇಶದ ಜಾರಿಗೆ ಅಡ್ಡಬಂದರೆ ಅದನ್ನೂ ಸಂರಕ್ಷಣಾ ಆದೇಶದ ಉಲ್ಲಂಘನೆ ಎಂದೇ ತಿಳಿಯಬೇಕು ಎಂಬ ಮಾತು ಅದರಲ್ಲಿದೆ. ಕೋರ್ಟಿನಲ್ಲಿ ಅದನ್ನು ಹಿಡಿದು ವಾದಿಸಬಹುದು, ವಾದಿಸಿದ್ದೇವೆ. ಠಾಣೆಯಲ್ಲಿ ಮಧ್ಯರಾತ್ರಿ ವಾದ ನಡೆಯುವುದಿಲ್ಲ. ಅದಕ್ಕೇ ಅರ್ಜಿ ಬರೆಯುವಾಗಲೇ ಕಲಂ 18 ಅನ್ನು ಬಿಡಿಸಿ ಕೇಳಬೇಕು. ಫೋನ್, ಮೆಸೇಜ್, ಇನ್ನೊಬ್ಬರ ಮೂಲಕ ಹೇಳಿ ಕಳಿಸುವುದು ಯಾವುದೂ ಕೂಡದು, ಕೆಲಸದ ಜಾಗಕ್ಕೆ ಬರಕೂಡದು, ನೆರವಿಗೆ ನಿಂತ ತಾಯಿ ತಮ್ಮಂದಿರನ್ನು ಮುಟ್ಟಕೂಡದು ಎಂದು ಬೇರೆ ಬೇರೆಯಾಗಿ ಕೇಳಲು ಆ ಕಲಮಿನಲ್ಲೇ ಅವಕಾಶವಿದೆ. 'ಅರ್ಜಿದಾರಳಿಗೆ ಹಿಂಸೆ ಕೊಡಬಾರದು' ಎಂಬ ಒಂದೇ ಸಾಲಿನ ಆದೇಶ ಪಡೆದರೆ, ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಮೂರು ಗಂಟೆ ಕೂತವನನ್ನು ಪೊಲೀಸರು ಏನೆಂದು ಎಬ್ಬಿಸಬೇಕು? ಠಾಣೆಯ ಅಧಿಕಾರಿ ಆದೇಶದ ಜಾರಿಗೆ ನೆರವಾಗಬೇಕು ಎಂದು ಕಲಂ 19ರ ಕೆಳಗೆ ನಿರ್ದೇಶನ ಕೇಳಬಹುದು. ಅದೂ ಆದೇಶದೊಳಗೇ ಇದ್ದರೆ ಠಾಣೆಯಲ್ಲಿ ಅರ್ಧ ಮಾತು ಉಳಿಯುತ್ತದೆ.

3. ನಕಲು ಒಂದು ಸಾಲದು

ಆದೇಶದ ಪ್ರತಿಯನ್ನು ಕಕ್ಷಿದಾರರಿಬ್ಬರಿಗೂ ಕೋರ್ಟಿನ ವ್ಯಾಪ್ತಿಯ ಪೊಲೀಸ್ ಠಾಣೆಗೂ ಪುಕ್ಕಟೆ ಕೊಡಬೇಕೆಂದು ಕಲಂ 24 ಹೇಳುತ್ತದೆ. ಆ ಒಂದು ಪ್ರತಿ ಸಿಕ್ಕಿತೆಂದು ಸುಮ್ಮನಾಗಬೇಡಿ. ನಕಲು ವಿಭಾಗಕ್ಕೆ ಅರ್ಜಿ ಹಾಕಿ ಇನ್ನೂ ಎರಡೋ ಮೂರೋ ದೃಢೀಕೃತ ಪ್ರತಿ ತೆಗೆಸಿಟ್ಟುಕೊಳ್ಳಿ. ಒಂದು ವಕೀಲರ ಫೈಲಿನಲ್ಲಿ, ಒಂದು ತವರಿನಲ್ಲೋ ನಂಬಿಕೆಯ ಗೆಳತಿಯ ಮನೆಯಲ್ಲೋ, ಒಂದು ನಿಮ್ಮ ಹತ್ತಿರ. ಪರ್ಸಿನಲ್ಲಿ ದಿನಾ ಓಡಾಡುವುದು ಜೆರಾಕ್ಸ್ ಆಗಿರಲಿ.

ಲ್ಯಾಮಿನೇಷನ್ ಮಾಡಿಸಬೇಡಿ. ಮಳೆಗೆ ನೆನೆಯುತ್ತದೆ ಎಂದು ಬಹಳ ಜನ ಮಾಡಿಸಿಬಿಡುತ್ತಾರೆ. ಆಮೇಲೆ ಅದರ ಮೇಲೆ ಯಾವ ಕಚೇರಿಯೂ ಮುದ್ರೆ ಒತ್ತಲಾಗುವುದಿಲ್ಲ, ಜೆರಾಕ್ಸ್ ಮೆಷಿನ್ನಿನಲ್ಲಿ ಹೊಳಪು ಹೊಡೆಯುತ್ತದೆ, ಕೋರ್ಟಿನ ಉಬ್ಬು ಮುದ್ರೆ ಬೆರಳಿಗೆ ಸಿಗದಂತೆ ಮುಚ್ಚಿಹೋಗುತ್ತದೆ. ಠಾಣೆಯಲ್ಲಿ ಹಳೆಯ ಹವಾಲ್ದಾರರು ಕಾಗದದ ಮೇಲೆ ಹೆಬ್ಬೆರಳು ಆಡಿಸಿ ಆ ಉಬ್ಬನ್ನು ಹುಡುಕುವುದನ್ನು ನೋಡಿದ್ದೇನೆ. ಪ್ಲಾಸ್ಟಿಕ್ ಕವರು ಸಾಕು.

4. ಕೊನೆಯ ಪುಟವನ್ನು ಮೇಲಕ್ಕೆ ತನ್ನಿ

ಆದೇಶ ಇಪ್ಪತ್ತು ಪುಟ ಇರಬಹುದು. ಅದರಲ್ಲಿ ಹದಿನೆಂಟು ಪುಟ ಅವಳು ಏನೆಂದಳು, ಅವನು ಏನೆಂದ, ಕೋರ್ಟು ಯಾಕೆ ಒಪ್ಪಿತು ಎಂಬುದು. ಡ್ಯೂಟಿಯಲ್ಲಿರುವವನಿಗೆ ಬೇಕಾದದ್ದು ಕೊನೆಯಲ್ಲಿ 'ಆದೇಶ' ಎಂದು ತಲೆಬರಹ ಹಾಕಿ ಬರೆದ ಐದಾರು ಸಾಲು. ಆ ಪುಟದ ಜೊತೆಗೆ ಕೋರ್ಟಿನ ಹೆಸರು ಮತ್ತು ಕೇಸ್ ನಂಬರ್ ಇರುವ ಮೊದಲ ಪುಟ, ಈ ಎರಡನ್ನೇ ಜೆರಾಕ್ಸ್ ಮಾಡಿಸಿ ಮೇಲಿಡಿ, ಪೂರ್ತಿ ಆದೇಶ ಅದರ ಕೆಳಗಿರಲಿ. ಜೆರಾಕ್ಸಿನ ಮೇಲೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯಬಹುದು. ದೃಢೀಕೃತ ಪ್ರತಿಯ ಮೇಲೆ ಒಂದು ಚುಕ್ಕಿಯೂ ಬೇಡ.

ಹದಿನಾರು ಅಕ್ಷರ, ಅಂಕಿಗಳ ಸಿಎನ್‌ಆರ್ ನಂಬರನ್ನು ಅಲ್ಲೇ ದೊಡ್ಡದಾಗಿ ಬರೆದಿಡಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಆ ನಂಬರ್ ಹೊಡೆದರೆ ಕೇಸು ಯಾವ ಕೋರ್ಟಿನದು, ಈಗ ಯಾವ ಹಂತದಲ್ಲಿದೆ ಎಂದು ತೋರಿಸುತ್ತದೆ. ಈಗಿನ ಹುಡುಗ ಪಿಎಸ್‌ಐಗಳು ಕಾಗದಕ್ಕಿಂತ ಅದನ್ನು ಬೇಗ ನಂಬುತ್ತಾರೆ.

ಅಮೆರಿಕದ ಮೊಂಟಾನಾದಂಥ ಕೆಲವು ರಾಜ್ಯಗಳಲ್ಲಿ 'ಹೋಪ್ ಕಾರ್ಡ್' ಎಂಬುದಿದೆ. ಎಟಿಎಂ ಕಾರ್ಡಿನಷ್ಟೇ ಇರುವ ಅದರ ಮೇಲೆ ಯಾರ ವಿರುದ್ಧ ಯಾವ ಕೋರ್ಟಿನ ಆದೇಶ, ಯಾರ ಯಾರ ರಕ್ಷಣೆಗೆ, ಎಂದಿನವರೆಗೆ ಎಂದು ಅಚ್ಚಾಗಿರುತ್ತದೆ. ಮೊಂಟಾನಾದ ಕ್ರೋ ಎಂಬ ಆದಿವಾಸಿಗಳ ಮೀಸಲು ಪ್ರದೇಶದಲ್ಲಿ ಹುಟ್ಟಿದ ಉಪಾಯ ಅದು. ಒಂದು ಗಡಿ ದಾಟಿದರೆ ಇನ್ನೊಂದು ಪೊಲೀಸು ಎಂಬ ತಾಪತ್ರಯ ಅವರಿಗೆ ನಮಗಿಂತ ಮೊದಲೇ ಗೊತ್ತಿತ್ತು. ಆಧಾರಿಗೆ ಕಾರ್ಡು, ರೇಷನ್ನಿಗೆ ಕಾರ್ಡು, ಮತದಾನಕ್ಕೆ ಕಾರ್ಡು ಮಾಡಿದ ದೇಶಕ್ಕೆ ಇದೊಂದು ಮಾಡಲು ಏನು ಕಷ್ಟವೋ. ಆಗುವವರೆಗೂ ಈ ಎರಡು ಪುಟವೇ ನಮ್ಮ ಕಾರ್ಡು.

5. ಅವನಿಗೆ ಗೊತ್ತಿತ್ತು ಎಂಬುದಕ್ಕೂ ಕಾಗದ ಬೇಕು

ಕಲಂ 23ರಲ್ಲಿ ಗಂಡನ ಮಾತು ಕೇಳುವ ಮೊದಲೇ ಏಕಪಕ್ಷೀಯ ಆದೇಶ ಕೊಡಬಹುದು. ಅದು ಸಿಕ್ಕರೆ ಹೆಣ್ಣಿಗೆ ದೊಡ್ಡ ಬಲ. ಆದರೆ ಅಂಥ ಆದೇಶ ಮುರಿದವನು ಮೊದಲು ಹೇಳುವ ಮಾತು "ಮಲಾ ಮಾಹೀತಚ್ ನವ್ಹತಂ", ನನಗೆ ಗೊತ್ತೇ ಇರಲಿಲ್ಲ. ಅದಕ್ಕೆ ಉತ್ತರ ಜಾರಿಯ ದಾಖಲೆಯಲ್ಲಿದೆ. ನೋಟಿಸ್, ಆದೇಶ ಅವನ ಕೈಗೆ ಮುಟ್ಟಿತೆಂದು ಸಂರಕ್ಷಣಾಧಿಕಾರಿ ಬರೆದ ಷರಾ, ಅದರ ಮೇಲೆ ಅವನ ಸಹಿ, ಸಹಿ ಹಾಕಲೊಲ್ಲದಿದ್ದರೆ ಹಾಗೆಂದು ಬರೆದ ಸಾಲು, ಇವು ಫೈಲಿನಲ್ಲಿರುತ್ತವೆ. ಅದರ ನಕಲನ್ನೂ ಆದೇಶಕ್ಕೆ ಪಿನ್ ಮಾಡಿಟ್ಟುಕೊಳ್ಳಿ. ಅವನ ವಕೀಲರು ವಕಾಲತ್ತು ಹಾಕಿದ ತಾರೀಕು ಸಿಕ್ಕರೆ ಇನ್ನೂ ಒಳ್ಳೆಯದು. ಅವತ್ತಿನ ಮೇಲೆ 'ಗೊತ್ತಿರಲಿಲ್ಲ' ಎಂಬುದು ಯಾರೂ ನಂಬದ ಮಾತು.

ಜಾರಿ ಆಗಿಲ್ಲವೆಂದು ತಿಳಿದರೆ ಸುಮ್ಮನೆ ಮುಂದಿನ ತಾರೀಕಿಗೆ ಕಾಯಬೇಡಿ. ಅವನು ಈಗ ಎಲ್ಲಿದ್ದಾನೆ, ಯಾವ ಸೈಟಿನಲ್ಲಿ, ಯಾವ ಹೋಟೆಲಿನ ರೂಮಿನಲ್ಲಿ ಎಂದು ನಿಮಗೆ ಗೊತ್ತಿರುವಷ್ಟು ಸಂರಕ್ಷಣಾಧಿಕಾರಿಗೆ ಗೊತ್ತಿರುವುದಿಲ್ಲ.

6. ಒಂದು ಪುಣೆ, ಮೂರು ಪೊಲೀಸು

ಹೊರಗಿನವರಿಗೆ ಪುಣೆ ಒಂದೇ ಊರು. ಪೊಲೀಸ್ ಲೆಕ್ಕದಲ್ಲಿ ಪುಣೆ ನಗರ, ಪಿಂಪ್ರಿ-ಚಿಂಚವಡ, ಪುಣೆ ಗ್ರಾಮೀಣ ಎಂದು ಮೂರು. ಪಿಂಪ್ರಿ-ಚಿಂಚವಡಕ್ಕೆ ಬೇರೆ ಕಮಿಷನರ್ ಕಚೇರಿ ಶುರುವಾದದ್ದು 2018ರ ಆಗಸ್ಟ್ 15ರಂದು. ಗಂಡನ ಮನೆ ವಾಕಡದಲ್ಲಿ, ಕೆಲಸ ಖರಾಡಿಯಲ್ಲಿ, ಈಗ ಅಣ್ಣನ ಜೊತೆ ಇರುವುದು ಹಡಪಸರದಲ್ಲಿ ಎಂದುಕೊಳ್ಳಿ. ಕಲಂ 24ರಂತೆ ಕೋರ್ಟಿನಿಂದ ಪ್ರತಿ ಹೋಗುವುದು ಆ ಕೋರ್ಟಿನ ವ್ಯಾಪ್ತಿಯ ಠಾಣೆಗೆ. ಅವನು ಬಂದು ಗಲಾಟೆ ಮಾಡುವುದು ಹಡಪಸರದಲ್ಲಿ. ಅಲ್ಲಿಯವರಿಗೆ ಆದೇಶದ ಗಂಧವೇ ಇರುವುದಿಲ್ಲ.

ಆದ್ದರಿಂದ ನೀವು ಇರುವ ಜಾಗ, ದುಡಿಯುವ ಜಾಗ, ಮಗುವಿನ ಶಾಲೆ ಎಲ್ಲೆಲ್ಲಿ ಬರುತ್ತವೋ ಆ ಎಲ್ಲ ಠಾಣೆಗಳಿಗೂ ಒಂದು ಪತ್ರದ ಜೊತೆ ಆದೇಶದ ಜೆರಾಕ್ಸ್ ಕೊಟ್ಟು ಬನ್ನಿ. ಹಗಲು ಹೊತ್ತು ಹೋಗಿ, ಜಗಳವಿಲ್ಲದ ದಿನ ಹೋಗಿ. ನಿಮ್ಮ ಪ್ರತಿಯ ಮೇಲೆ ಆವಕ-ಜಾವಕದ ಮುದ್ರೆ, ನಂಬರ್, ತಾರೀಕು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. "ಠೇವೂನ್ ಜಾ", ಇಟ್ಟು ಹೋಗು ಎನ್ನುತ್ತಾರೆ. "ಸಾಹೇಬ್, ಶಿಕ್ಕಾ ಪಾಹಿಜೆ" ಎಂದು ನಯವಾಗಿ ಕೂತುಬಿಡಿ. ಶಿಕ್ಕಾ, ಅಂದರೆ ಆ ಮುದ್ರೆ, ಬಿದ್ದ ಕಾಗದವನ್ನು ಆ ಠಾಣೆಯವರು ಮುಂದೆ ನಕಲಿ ಎನ್ನುವಂತಿಲ್ಲ.

ಠಾಣೆಗೆ ಕೊಟ್ಟರೂ ಬೀದಿಗೆ ಬರುವುದು ಚೌಕಿಯ ಬೀಟ್ ಮಾರ್ಷಲ್‌ಗಳು, ಬೈಕಿನಲ್ಲಿ ಇಬ್ಬರು. ಅವರು ಠಾಣೆಯ ಕಪಾಟು ನೋಡಿಕೊಂಡು ಬರುವುದಿಲ್ಲ. ಹತ್ತಿರದ ಚೌಕಿಗೂ ಒಂದು ಪ್ರತಿ ತೋರಿಸಿ ಬಂದರೆ ನಷ್ಟವಿಲ್ಲ.

7. ಕನ್ನಡದ ಆದೇಶಕ್ಕೆ ಮರಾಠಿಯ ಜೊತೆ ಕೊಡಿ

ಈ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಕಲಂ 27ರ ಎರಡನೇ ಉಪಕಲಂ. ಈ ಕಾಯ್ದೆಯಡಿ ಕೊಟ್ಟ ಯಾವುದೇ ಆದೇಶ ಭಾರತದಾದ್ಯಂತ ಜಾರಿ ಮಾಡತಕ್ಕದ್ದು. ಆಳಂದದ ಮ್ಯಾಜಿಸ್ಟ್ರೇಟರು ಕೊಟ್ಟದ್ದು ಪುಣೆಯಲ್ಲಿ ನಡೆಯುತ್ತದೆ, ಪುಣೆಯದು ಮಂಡ್ಯದಲ್ಲಿ. ಇಲ್ಲಿ ಮತ್ತೆ ಕೇಸು ಹಾಕಬೇಕಾಗಿಲ್ಲ, ಇಲ್ಲಿಯ ಕೋರ್ಟಿನಲ್ಲಿ ನೋಂದಾಯಿಸಬೇಕಾಗಿಯೂ ಇಲ್ಲ. ಕಾನೂನು ಅಷ್ಟು ನೇರ. ಅದನ್ನು ಜಾರಿ ಮಾಡಬೇಕಾದವನಿಗೆ ಕನ್ನಡ ಓದಲು ಬರುವುದಿಲ್ಲ, ಅಷ್ಟೇ.

ಕಟ್ಟಡದ ಸೈಟಿನಲ್ಲಿ ಗಾರೆ ಹೊರುವ ಒಬ್ಬಾಕೆ, ಕಲಬುರಗಿ ಜಿಲ್ಲೆಯವಳು. ಊರಿನ ಕೋರ್ಟಿನಲ್ಲಿ ಆದೇಶ ಪಡೆದು, ಎರಡು ಮಕ್ಕಳನ್ನು ಕಟ್ಟಿಕೊಂಡು ಅಕ್ಕನ ಜೊತೆ ಪುಣೆಗೆ ಬಂದಿದ್ದಳು. ಗಂಡ ಜಾಡು ಹಿಡಿದು ಲೇಬರ್ ಕ್ಯಾಂಪಿಗೇ ಬಂದ. ಆಕೆ ಕಾಗದ ಹಿಡಿದು ಠಾಣೆಗೆ ಓಡಿದಳು. ಠಾಣೆ ಅಮಲ್ದಾರರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ಸಿಂಹದ ಮುದ್ರೆ ನೋಡಿದರು. "ಹೇ ಕಾಯ್ ಲಿಹಿಲಂಯ್?", ಇದೇನು ಬರೆದಿದೆ ಎಂದು ಅವಳನ್ನೇ ಕೇಳಿದರು. ಅವಳಿಗೆ ಓದು ಬರದು. ಅವರು ಕೆಟ್ಟ ಮನುಷ್ಯರೇನಲ್ಲ, ಎದುರಿನ ಉಡುಪಿ ಹೋಟೆಲಿನ ಗಲ್ಲೆಯ ಮೇಲಿದ್ದವರನ್ನು ಕರೆಸಿದರು. ಆ ಪುಣ್ಯಾತ್ಮ ಹೆಸರು ಓದಿದ, ತಾರೀಕು ಓದಿದ, 'ಎದುರುದಾರನು ಅರ್ಜಿದಾರಳೊಡನೆ ಯಾವುದೇ ರೀತಿಯ ಸಂಪರ್ಕ ಹೊಂದದಂತೆ ಪ್ರತಿಬಂಧಿಸಿ' ಎಂಬಲ್ಲಿಗೆ ಬಂದು ತಡವರಿಸಿ, "ಏನೋ ಬಂದೋಬಸ್ತು ಅಂತ ಇದೆ" ಎಂದು ಹಿಂದಿಯಲ್ಲಿ ಹೇಳಿದ. ಇಷ್ಟಾಗುವ ಹೊತ್ತಿಗೆ ಗಂಡ ಕ್ಯಾಂಪಿನಲ್ಲಿದ್ದ ಅವಳ ಪೆಟ್ಟಿಗೆ ಎತ್ತಿಕೊಂಡು ಹೋಗಿದ್ದ. "ಕಾಗದ ಅದ ಅಕ್ಕಾರ, ಓದೋರೇ ಇಲ್ಲ ನೋಡ್ರಿ" ಎಂದು ಮರುದಿನ ನನ್ನ ಹತ್ತಿರ ಬಂದಳು.

ಅಂದಿನಿಂದ ಕರ್ನಾಟಕದ ಆದೇಶ ಹಿಡಿದು ಬಂದವರಿಗೆಲ್ಲ ಮೊದಲು ಮಾಡಿಸುವ ಕೆಲಸ ಅನುವಾದ. ಮರಾಠಿಯಲ್ಲಾದರೆ ಉತ್ತಮ, ಇಂಗ್ಲಿಷ್ ಆದರೂ ನಡೆಯುತ್ತದೆ. ಪೂರ್ತಿ ಇಪ್ಪತ್ತು ಪುಟ ಬೇಡ, ಮೊದಲ ಪುಟ ಮತ್ತು ಆದೇಶದ ಭಾಗ ಸಾಕು. ಮೂಲದಲ್ಲಿ ಒಂದು, ಎರಡು, ಮೂರು ಎಂದಿದ್ದರೆ ಅನುವಾದದಲ್ಲೂ ಅದೇ ಅಂಕಿ ಅದೇ ಜಾಗದಲ್ಲಿರಲಿ. ಇಟ್ಟು ನೋಡಿದರೆ ಭಾಷೆ ಬರದವನಿಗೂ ಯಾವ ಸಾಲಿಗೆ ಯಾವ ಸಾಲು ಎಂದು ತಿಳಿಯಬೇಕು. ಅನುವಾದ ಮಾಡಿದವರು ಎರಡೂ ಭಾಷೆ ಬಲ್ಲೆವೆಂದು ಅಫಿಡವಿಟ್ ಬರೆದು ನೋಟರಿ ಮಾಡಿಸಿಕೊಡಬೇಕು. ದೃಢೀಕೃತ ಪ್ರತಿ, ಅನುವಾದ, ಅದರ ಹಿಂದೆ ಕಾಯ್ದೆಯ ಕಲಂ 27, 31, 32 ಇರುವ ಪುಟಗಳ ಪ್ರಿಂಟು, ಹೀಗೆ ಒಂದು ಕಟ್ಟು. "ಇದು ಕರ್ನಾಟಕದ ಕೋರ್ಟು, ನಮಗೆ ಸಂಬಂಧವಿಲ್ಲ" ಎಂದರೆ ಬಾಯಿಂದ ವಾದಿಸುವ ಬದಲು ಆ ಪುಟ ತಿರುಗಿಸಿ ತೋರಿಸಬೇಕು.

ಊರಿನ ವಕೀಲ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಕಕ್ಷಿದಾರಳು ದುಡಿಯಲು ಪುಣೆಗೋ ಮುಂಬೈಗೋ ಹೋಗುವವಳಾದರೆ ಅದನ್ನು ಮ್ಯಾಜಿಸ್ಟ್ರೇಟರ ಗಮನಕ್ಕೆ ತಂದು ಕೊನೆಯ ಭಾಗವನ್ನಾದರೂ ಇಂಗ್ಲಿಷಿನಲ್ಲಿ ಕೇಳಿ. ಎಷ್ಟೋ ಕೋರ್ಟುಗಳಲ್ಲಿ ಹೇಗೂ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ತದ್ವಿರುದ್ಧ ದಾರಿಯಲ್ಲಿ, ಪುಣೆಯ ಮರಾಠಿ ಆದೇಶ ಹಿಡಿದು ತವರಿಗೆ ಹೋಗುವವರಿಗೆ ಇಂಡಿ, ಆಳಂದದ ಕಡೆ ಅಷ್ಟು ತೊಂದರೆಯಾಗಲಿಕ್ಕಿಲ್ಲ, ಅಲ್ಲಿ ಮರಾಠಿ ಬಲ್ಲವರು ಸಿಗುತ್ತಾರೆ. ದಾವಣಗೆರೆ ದಾಟಿದರೆ ಅದೇ ಕಥೆ ತಿರುಗುಮುರುಗು.

8. ಹೆಸರು ತಾಳೆಯಾಗಬೇಕು

ಮಹಾರಾಷ್ಟ್ರದಲ್ಲಿ ಹೆಣ್ಣಿನ ಹೆಸರಿನ ನಡುವೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ನಮ್ಮಲ್ಲಿ ಕೆಲವರಿಗೆ ಇನಿಷಿಯಲ್, ಕೆಲವರಿಗೆ ಊರ ಹೆಸರು, ಕೆಲವರಿಗೆ ಏನೂ ಇಲ್ಲ. ಆದೇಶದಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಕಂಪನಿಯ ಐಡಿಯಲ್ಲಿ ಮತ್ತೊಂದು. ಬೇರೆ ರಾಜ್ಯದ ಠಾಣೆಯಲ್ಲಿ ಇದೇ ಸಂಶಯಕ್ಕೆ ಮೊದಲ ಕಾರಣ. ಆದೇಶದಲ್ಲಿರುವ ಹೆಸರಿಗೆ ಹೊಂದುವ ಗುರುತಿನ ಚೀಟಿಯ ಜೆರಾಕ್ಸನ್ನು ಅದೇ ಕಟ್ಟಿನಲ್ಲಿಡಿ. ಯಾವುದೂ ಹೊಂದದಿದ್ದರೆ ಇಬ್ಬರೂ ಒಬ್ಬಳೇ ಎಂದು ಒಂದು ಅಫಿಡವಿಟ್. ಅವನ ಫೋಟೊ ಒಂದಿರಲಿ, ಈಚಿನದು. ಮದುವೆಯ ಆಲ್ಬಮ್ಮಿನ ಪೇಟಾ ತೊಟ್ಟ ಫೋಟೊ ಕೊಟ್ಟರೆ ವಾಚ್‌ಮನ್ ಯಾರನ್ನೂ ಗುರುತಿಸಲಾರ.

9. ಫೋನಿನಲ್ಲಿಡಿ, ಆದರೆ ಫೋನ್ ಯಾರದು?

ಆದೇಶದ ಫೋಟೊ, ಪಿಡಿಎಫ್ ಎರಡೂ ಫೋನಿನಲ್ಲಿರಬೇಕು, ಸರಿ. ಆದರೆ ಆ ಸಿಮ್ ಯಾರ ಹೆಸರಿನಲ್ಲಿದೆ? ಫೋನಿಗೆ ಹಾಕಿದ ಗೂಗಲ್ ಅಕೌಂಟ್ ಯಾರು ಮಾಡಿಕೊಟ್ಟದ್ದು? ಗಂಡನೇ ಮಾಡಿಕೊಟ್ಟಿದ್ದರೆ ನೀವು ತೆಗೆದ ಫೋಟೊ ಅವನ ಫೋನಿನಲ್ಲೂ, ಮನೆಯ ಟಿವಿಯಲ್ಲೂ ಮೂಡಬಹುದು. ಐಟಿಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳ ಹೊಸ ಮನೆಯ ಬಾಡಿಗೆ ಕರಾರು ಹೀಗೇ ಗಂಡನಿಗೆ ಸಿಕ್ಕಿತ್ತು. ಡಿಜಿಲಾಕರ್ ಒಳ್ಳೆಯದು, ನಿಮ್ಮ ಕಾಗದವನ್ನು ನೀವೇ ಏರಿಸಿಡಬಹುದು. ಆದರೆ ಓಟಿಪಿ ಹೋಗುವ ನಂಬರ್ ಅವನದಾಗಿದ್ದರೆ ಬೀಗದ ಕೈ ಅವನ ಹತ್ತಿರವೇ ಇದ್ದಂತೆ. ಮೊದಲು ನಿಮ್ಮ ಹೆಸರಿನಲ್ಲಿ ಹೊಸ ಸಿಮ್, ಹೊಸ ಇಮೇಲ್, ಹೊಸ ಪಾಸ್‌ವರ್ಡ್. ಆಮೇಲೆ ಆದೇಶ. ಒಂದು ಪ್ರತಿ ನಂಬಿಕೆಯವರ ವಾಟ್ಸಾಪಿಗೆ ಕಳಿಸಿ, ನಿಮ್ಮ ಚಾಟಿನಿಂದ ಅಳಿಸಿದರೂ ಅವರಲ್ಲಿ ಉಳಿಯುತ್ತದೆ.

ಇ-ಕೋರ್ಟ್ಸ್‌ನಿಂದ ಇಳಿಸಿಕೊಂಡ ಪ್ರತಿ ತೋರಿಸಲು ಅನುಕೂಲ, ಆದರೆ ಅದು ದೃಢೀಕೃತ ಪ್ರತಿಯಲ್ಲ.

10. ಶಾಲೆ, ಸೊಸೈಟಿ, ಕಂಪನಿ

ಇಲ್ಲಿ ಜನ ಎರಡು ತುದಿಗೆ ಹೋಗುತ್ತಾರೆ. ಕೆಲವರು ಮರ್ಯಾದೆಗೆ ಅಂಜಿ ಯಾರಿಗೂ ಹೇಳುವುದಿಲ್ಲ. ಕೆಲವರು ಪೂರ್ತಿ ಆದೇಶವನ್ನೇ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಮಲಗುವ ಕೋಣೆಯಲ್ಲಿ ನಡೆದದ್ದೆಲ್ಲ ಆ ಪುಟಗಳಲ್ಲಿರುತ್ತದೆ. ಬೇಕೆನಿಸಿದರೆ ಇಂಥ ಕೇಸನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಬಹುದೆಂದು ಕಲಂ 16ರಲ್ಲಿ ಇರುವುದೇ ಇಂಥ ವಿವರಗಳು ಬೀದಿಗೆ ಬರಬಾರದೆಂದು.

ಗೇಟಿನ ವಾಚ್‌ಮನ್‌ಗೆ ಆದೇಶ ಬೇಡ. ಸೊಸೈಟಿ ಸೆಕ್ರೆಟರಿಗೆ ಒಂದು ಪತ್ರ, ಅದರಲ್ಲಿ ಅವನ ಹೆಸರು, ಫೋಟೊ, ಕೋರ್ಟಿನ ಕೇಸ್ ನಂಬರ್, 'ಒಳಗೆ ಬಿಡಬಾರದು, ಬಂದರೆ ನನಗೂ 112ಕ್ಕೂ ಫೋನ್ ಮಾಡಿ' ಎಂಬ ಎರಡು ಸಾಲು. ಗೇಟಿನ ಆ್ಯಪಿನಲ್ಲಿ ಅವನ ಹೆಸರು ಇನ್ನೂ ಮನೆಯವನೆಂದೇ ಉಳಿದಿದ್ದರೆ ತೆಗೆಸಿ. ಕಂಪನಿಯಲ್ಲಿ ಎಚ್‌ಆರ್‌ಗೆ ಒಂದು ಪ್ರತಿ, ಸೆಕ್ಯೂರಿಟಿ ಡೆಸ್ಕಿಗೆ ಫೋಟೊ ಮಾತ್ರ.

ಶಾಲೆಯ ವಿಷಯ ಗಂಭೀರ. ತಾಯಿಗೆ ಸಂರಕ್ಷಣಾ ಆದೇಶವಿದೆ ಎಂದ ಮಾತ್ರಕ್ಕೆ ತಂದೆ ಮಗುವನ್ನು ಕರೆದೊಯ್ಯುವುದನ್ನು ಶಾಲೆಯವರು ತಡೆಯುವುದಿಲ್ಲ. "ಅಪ್ಪ ಬಂದಿದ್ದರು, ಕಳಿಸಿದೆವು" ಎನ್ನುತ್ತಾರೆ, ಅವರನ್ನು ಬೈದು ಫಲವಿಲ್ಲ. ಕಲಂ 21ರ ಸುಪರ್ದಿನ ಆದೇಶವೋ, ಕಲಂ 18ರಲ್ಲಿ ಶಾಲೆಯ ಆವರಣದ ಹೆಸರೋ ಇದ್ದರೆ ಪ್ರಿನ್ಸಿಪಾಲರ ಕೈ ಗಟ್ಟಿ. ಇಲ್ಲದಿದ್ದರೆ ಮುಂದಿನ ತಾರೀಕಿಗೆ ಮೊದಲು ಅದನ್ನೇ ಕೇಳಿ. ಪ್ರಿನ್ಸಿಪಾಲರಿಗೆ ಕೊಟ್ಟ ಪತ್ರದ ಸ್ವೀಕೃತಿ ತೆಗೆದುಕೊಳ್ಳಿ, ಶಾಲಾ ವ್ಯಾನಿನ ಕಾಕಾಗೂ ಬಾಯಲ್ಲಿ ಹೇಳಿ. ಮಗುವಿನ ಕೈ ಹಿಡಿದು ಬಿಡುವವರು ಅವರು.

11. "ಇದು ಹಳೇದಲ್ಲಾ?"

ಎರಡು ವರ್ಷದ ಹಿಂದಿನ ತಾರೀಕು ನೋಡಿದರೆ ಪೊಲೀಸರು ಕೇಳುವ ಪ್ರಶ್ನೆ ಇದು. ಕಲಂ 25ರ ಪ್ರಕಾರ ಕಲಂ 18ರ ಆದೇಶ, ಅದನ್ನು ತೆಗೆದುಹಾಕಿ ಎಂದು ಆಕೆಯೇ ಅರ್ಜಿ ಕೊಡುವವರೆಗೆ ಜಾರಿಯಲ್ಲಿರುತ್ತದೆ. ಪ್ರತಿವರ್ಷ ನವೀಕರಿಸಬೇಕಾದ ಲೈಸೆನ್ಸ್ ಅಲ್ಲ ಅದು. ಆದರೆ ಮಧ್ಯಂತರ ಆದೇಶದ ಮಾತು ಬೇರೆ. ಮೂಲ ಅರ್ಜಿಗೆ ಹಾಜರಾಗದೆ ಅದು ವಜಾ ಆದರೆ ಮಧ್ಯಂತರವೂ ಅದರೊಡನೆ ಹೋಗುತ್ತದೆ. ಅವನು 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಿ ತಡೆ ತಂದಿರಲೂಬಹುದು. ಆರು ತಿಂಗಳಿಗೊಮ್ಮೆ ವಕೀಲರನ್ನು ಕೇಳಿ ಈಗಿನ ಸ್ಥಿತಿಯ ಪ್ರಿಂಟು ತೆಗೆದು ಕಟ್ಟಿಗೆ ಸೇರಿಸಿ. ಮನೆ ಬದಲಾಯಿಸಿದರೆ, ಕೆಲಸ ಬದಲಾಯಿಸಿದರೆ, ಆದೇಶ ತಿದ್ದುಪಡಿಗೆ ಅದೇ ಕಲಂ 25ರಲ್ಲಿ ಅವಕಾಶವಿದೆ. ಹೊಸ ವಿಳಾಸ ಅವನಿಗೆ ಗೊತ್ತಾಗಬಾರದೆಂದಿದ್ದರೆ ಅರ್ಜಿ ಬರೆಯುವ ಮೊದಲೇ ವಕೀಲರಿಗೆ ಹೇಳಿ.

12. ಕಾಗದಕ್ಕಾಗಿ ಹಿಂದಿರುಗಬೇಡಿ

ಅವನು ಒಳಗೆ ಬಂದಿದ್ದಾನೆ, ಫೈಲು ಒಳಗಿನ ಕಪಾಟಿನಲ್ಲಿದೆ. ಬಿಟ್ಟು ಓಡಿ. ಬೇರೆ ಮನೆಯಲ್ಲಿ ಇನ್ನೊಂದು ಪ್ರತಿ ಇಡಿ ಎಂದು ಮೇಲೆ ಹೇಳಿದ್ದು ಇದಕ್ಕೇ.

13. ಮೊದಲ ವಾಕ್ಯ

112ಕ್ಕೆ ಫೋನ್ ಮಾಡಿದಾಗ "ಗಂಡ ಗಲಾಟೆ ಮಾಡ್ತಿದ್ದಾನೆ" ಎಂದರೆ ಆ ಕಡೆ ಅದು 'ಘರಗುತಿ ಭಾಂಡಣ', ಮನೆ ಜಗಳ ಎಂದು ದಾಖಲಾಗುತ್ತದೆ. ಮಾರ್ಷಲ್‌ಗಳು ಬರುತ್ತಾರೆ, ಇಬ್ಬರಿಗೂ ಬುದ್ಧಿ ಹೇಳುತ್ತಾರೆ, ಹೋಗುತ್ತಾರೆ. ಅದರ ಬದಲು ಮೊದಲ ವಾಕ್ಯವೇ ಹೀಗಿರಲಿ: "ಕೋರ್ಟಾಚಾ ಸಂರಕ್ಷಣ ಆದೇಶ ಆಹೇ, ತ್ಯಾನೇ ತೋ ಮೋಡ್‌ಲಾಯ್." ಕೋರ್ಟಿನ ಸಂರಕ್ಷಣಾ ಆದೇಶವಿದೆ, ಅವನು ಅದನ್ನು ಮುರಿದಿದ್ದಾನೆ. ಮರಾಠಿ ಬರದವರಿಗೆ ಇದನ್ನು ಬಾಯಿಪಾಠ ಮಾಡಿಸುತ್ತೇನೆ. ಎರಡನೆಯ ವಾಕ್ಯ ವಿಳಾಸ. ಮೂರನೆಯದು ಕಲಂ 31. ಅಳು, ಹಿಂದಿನ ಕಥೆ ಎಲ್ಲ ಆಮೇಲೆ.

ಕಲಂ 32ರ ಪ್ರಕಾರ ಇದು ಪೊಲೀಸರು ನೇರವಾಗಿ ಕೈಗೆತ್ತಿಕೊಳ್ಳಬಹುದಾದ, ಜಾಮೀನು ಹಕ್ಕಿಲ್ಲದ ಅಪರಾಧ. ಆಕೆಯೊಬ್ಬಳ ಸಾಕ್ಷ್ಯದ ಮೇಲೆಯೇ ಕೋರ್ಟು ಅಪರಾಧ ನಡೆದಿದೆ ಎಂಬ ತೀರ್ಮಾನಕ್ಕೆ ಬರಬಹುದು ಎಂದೂ ಅಲ್ಲೇ ಇದೆ. "ಸಾಕ್ಷಿ ಯಾರಿದ್ದರು?" ಎಂದು ಕೇಳಿದರೆ ಆ ಪುಟ ತೋರಿಸಿ. ಮತ್ತೆ ಎನ್‌ಸಿ ಬರೆಯಲು ಪುಸ್ತಕ ತೆಗೆದರೆ, ಇದು ಎನ್‌ಸಿಯಲ್ಲ, ಎಫ್‌ಐಆರ್ ಎಂದು ಹೇಳಿ. ಜಾಗ ಬೇರೆ ಠಾಣೆಯದು ಎಂದರೆ ಝೀರೋ ಎಫ್‌ಐಆರ್ ಕೇಳಿ. ಯಾವ ಠಾಣೆಯ ವ್ಯಾಪ್ತಿಯದೇ ಆಗಲಿ, ದೂರು ಬರೆದುಕೊಳ್ಳಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಲ್ಲಿ ಬರೆದಿದೆ.

ಏನೂ ಆಗಲಿಲ್ಲವೆಂದರೆ ನಿಯಮ 15ರ ದಾರಿ. ನಡೆದದ್ದನ್ನು ಬರೆದು ಸಹಿ ಮಾಡಿ ಸಂರಕ್ಷಣಾಧಿಕಾರಿಗೆ ಕೊಟ್ಟರೆ, ಅವರು ಅದನ್ನು ಆದೇಶದ ಪ್ರತಿಯೊಂದಿಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ನೀವೇ ನೇರವಾಗಿ ಮ್ಯಾಜಿಸ್ಟ್ರೇಟರಿಗೂ ಕೊಡಬಹುದು. ಉಲ್ಲಂಘನೆಯ ವಿಚಾರಣೆ ಸಾಧ್ಯವಾದಷ್ಟು ಆದೇಶ ಕೊಟ್ಟ ಮ್ಯಾಜಿಸ್ಟ್ರೇಟರ ಮುಂದೆಯೇ ನಡೆಯುತ್ತದೆ. ಅಂದರೆ ಘಟನೆ ಪುಣೆಯಲ್ಲಾದರೂ ತಾರೀಕು ಕಲಬುರಗಿ ಕಡೆಯದಾಗಬಹುದು. ಅದಕ್ಕೇ ಇಲ್ಲಿಯ ಠಾಣೆಗೆ ಕೊಟ್ಟ ದೂರಿನ ಪ್ರತಿಯ ಮೇಲೂ ಶಿಕ್ಕಾ ಹಾಕಿಸಿ, ಅದನ್ನು ಊರಿನ ವಕೀಲರಿಗೆ ಅದೇ ವಾರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಷ್ಟರೊಳಗೆ ಅದರದ್ದೂ ಒಂದು ಕನ್ನಡ ಅನುವಾದ ಮಾಡಿಸಬೇಕಾಗುತ್ತದೆ.